ಅಂಗಳದಡಿಯ ನಾಲ್ಕಿಂಚಿನ ಕೊಳವೆ: ಈಸ್ಟ್ ಬೇ ಒಳಚರಂಡಿ ಪ್ರಕರಣ

ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಪೂರ್ವ ದಡದಲ್ಲಿ ಏಳು ಸ್ಥಳೀಯ ಸಂಸ್ಥೆಗಳು ಗೋಡೆಗೆ ಗೋಡೆ ತಾಗಿಸಿಕೊಂಡಂತೆ ಕೂತಿವೆ. ಓಕ್‌ಲೆಂಡ್, ಬರ್ಕ್ಲಿ, ಆಲಮೀಡ, ಆಲ್ಬನಿ, ಎಮರಿವಿಲ್, ಪೀಡ್‌ಮಂಟ್ ಎಂಬ ಆರು ನಗರಗಳು. ಏಳನೆಯದು ಎಲ್ ಸೆರಿಟೊ, ಕೆನ್ಸಿಂಗ್ಟನ್ ಮತ್ತು ರಿಚ್ಮಂಡ್‌ನ ಒಂದು ಭಾಗವನ್ನು ನೋಡಿಕೊಳ್ಳುವ ಸ್ಟೀಜ್ ಸ್ಯಾನಿಟರಿ ಡಿಸ್ಟ್ರಿಕ್ಟ್. ಬೀದಿಯಡಿಯ ಒಳಚರಂಡಿ ಆಯಾ ಸಂಸ್ಥೆಯ ಸ್ವತ್ತು. ಆ ಕೊಳಚೆಯನ್ನೆಲ್ಲ ಕೊಲ್ಲಿಯ ಅಂಚಿನಲ್ಲಿ ಸಂಗ್ರಹಿಸಿ ಶುದ್ಧೀಕರಣ ಘಟಕಕ್ಕೆ ಒಯ್ಯುವ ದೊಡ್ಡ ಕೊಳವೆಗಳು, ಪಂಪಿಂಗ್ ಸ್ಟೇಷನ್‌ಗಳು ಮತ್ತು ಘಟಕ ಮಾತ್ರ ಎಂಟನೆಯ ಸಂಸ್ಥೆಯದ್ದು. ಅದು ಈಸ್ಟ್ ಬೇ ಮುನಿಸಿಪಲ್ ಯುಟಿಲಿಟಿ ಡಿಸ್ಟ್ರಿಕ್ಟ್, ಜನರ ಬಾಯಲ್ಲಿ ಇಬಿಮಡ್. ಕುಡಿಯುವ ನೀರಿಗೆಂದು 1923ರಲ್ಲಿ ಹುಟ್ಟಿದ ಈ ಸಂಸ್ಥೆಯ ಕೊಳಚೆ ಶುದ್ಧೀಕರಣ ಘಟಕ ಓಕ್‌ಲೆಂಡ್‌ನಲ್ಲಿ, ಬೇ ಬ್ರಿಡ್ಜ್‌ನ ಬುಡದ ಹತ್ತಿರ, 1951ರಿಂದ ನಡೆಯುತ್ತಿದೆ.

ಮೂರನೆಯ ಮಾಲೀಕರೂ ಇದ್ದಾರೆ. ಮನೆಯಿಂದ ಬೀದಿಯ ಕೊಳವೆಯವರೆಗಿನ ಸಂಪರ್ಕ ಕೊಳವೆ, ಅಂದರೆ ಲ್ಯಾಟರಲ್, ಮನೆಯವರದ್ದು. ಸಾಮಾನ್ಯವಾಗಿ ನಾಲ್ಕಿಂಚು ವ್ಯಾಸ. ಹಳೆಯ ಮನೆಗಳಲ್ಲಿ ಸುಟ್ಟ ಜೇಡಿಮಣ್ಣಿನ ತುಂಡುಗಳನ್ನು ಗಾರೆಯಿಂದ ಜೋಡಿಸಿದ್ದು. ಕೆಲವು ಊರುಗಳಲ್ಲಿ ಇದು ಬೀದಿ ಕೊಳವೆಯವರೆಗೂ ಮನೆಯವರ ಹೊಣೆ, ಇನ್ನು ಕೆಲವೆಡೆ ಪಾದಚಾರಿ ದಾರಿಯವರೆಗೆ ಮಾತ್ರ. ಈ ಪ್ರಕರಣದ ಗಂಟು ಇರುವುದೇ ಇಲ್ಲಿ. ಆದರೆ ಸಂಬಂಧಪಟ್ಟವರ ಕೈ ಆ ಗಂಟಿಗೆ ತಾಗಲು ಕಾಲು ಶತಮಾನ ಹಿಡಿಯಿತು.

ಬೇಸಿಗೆಯಲ್ಲಿ ಇಲ್ಲಿ ಯಾವ ತೊಂದರೆಯೂ ಕಾಣುವುದಿಲ್ಲ. ಮಳೆ ನವೆಂಬರ್‌ನಿಂದ ಏಪ್ರಿಲ್‌ವರೆಗೆ. ಕೊಲ್ಲಿಯಾಚೆಯ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಮಳೆನೀರೂ ಕೊಳಚೆಯೂ ಬಹುತೇಕ ಒಂದೇ ಕೊಳವೆಯಲ್ಲಿ ಹೋಗುತ್ತವೆ. ಈಸ್ಟ್ ಬೇಯಲ್ಲಿ ಎರಡಕ್ಕೂ ಬೇರೆ ಬೇರೆ ಜಾಲ. ಕಾಗದದ ಮೇಲೆ ನೋಡಿದರೆ ಮಳೆ ಬಂದಾಗ ಒಳಚರಂಡಿಯ ಹರಿವು ಏರಲೇಬಾರದು. ಏರುತ್ತದೆ, ಹಲವು ಪಟ್ಟು. ಘಟಕದ ಪ್ರಾಥಮಿಕ ಹಂತ ದಿನಕ್ಕೆ 320 ದಶಲಕ್ಷ ಗ್ಯಾಲನ್ ತಾಳುತ್ತದೆ, ಲೀಟರ್ ಲೆಕ್ಕದಲ್ಲಿ ಸುಮಾರು 121 ಕೋಟಿ. ಸೂಕ್ಷ್ಮಜೀವಿಗಳು ಕೆಲಸ ಮಾಡುವ ದ್ವಿತೀಯ ಹಂತಕ್ಕೆ 168 ದಶಲಕ್ಷ ಗ್ಯಾಲನ್‌ನಷ್ಟೇ ಶಕ್ತಿ, ಸುಮಾರು 64 ಕೋಟಿ ಲೀಟರ್. ಇದು ಬೇಸಿಗೆಯ ಹರಿವಿಗೆ ಹೋಲಿಸಿದರೆ ಧಾರಾಳ. ಜನವರಿಯ ಬಿರುಮಳೆಗೆ ಸಾಲದು.

ನೀರು ಎಲ್ಲಿಂದ ನುಗ್ಗುತ್ತದೆ

ಎರಡು ದಾರಿ. ಒಂದು ನೇರ ಒಳಹರಿವು: ಚಾವಣಿಯ ಮಳೆಕೊಳವೆ, ಅಂಗಳದ ಜಾಲರಿ, ನೀರು ನಿಂತ ರಸ್ತೆಯ ಮ್ಯಾನ್‌ಹೋಲ್ ಮುಚ್ಚಳ, ಎಂದೋ ತಪ್ಪಾಗಿ ಜೋಡಿಸಿದ ಮಳೆನೀರು ಚರಂಡಿ. ಇನ್ನೊಂದು ಒಳಸೋರಿಕೆ: ನೆನೆದ ಮಣ್ಣಿನ ನೀರು ಬಿರುಕು, ಸರಿದ ಜೋಡಣೆ, ಬೇರು ಹೊಕ್ಕ ಸಂದುಗಳಲ್ಲಿ ಜಿನುಗುವುದು. ಮೊದಲನೆಯದು ಮಳೆಯ ಜೊತೆಗೇ ಏರಿ ಮಳೆಯ ಜೊತೆಗೇ ಇಳಿಯುತ್ತದೆ. ಎರಡನೆಯದು ಮಳೆ ನಿಂತ ಮೇಲೂ ದಿನಗಟ್ಟಲೆ ಹರಿಯುತ್ತದೆ. ಇವೆರಡರ ನಡುವೆ ಎಂಜಿನಿಯರುಗಳು ‘ವೇಗದ ಒಳಸೋರಿಕೆ’ ಎನ್ನುವ ಮೂರನೆಯದೊಂದಿದೆ. ಆಳ ಕಡಿಮೆಯಿರುವ ಲ್ಯಾಟರಲ್‌ಗಳಿಗೆ, ಅವನ್ನು ಹೂತ ಕಾಲುವೆಯ ಸಡಿಲ ಮಣ್ಣಿನ ಮೂಲಕ, ಒಂದೆರಡು ಗಂಟೆಯಲ್ಲೇ ಇಳಿಯುವ ನೀರು. ಘಟಕವನ್ನು ಉಸಿರುಗಟ್ಟಿಸುವುದು ಬಹುಪಾಲು ಮೊದಲನೆಯದೂ ಈ ಮೂರನೆಯದೂ.

ಪ್ರಮಾಣದ ಅಂದಾಜಿಗೆ ಒಂದು ಲೆಕ್ಕ. ನೂರು ಚದರ ಮೀಟರ್ ಚಾವಣಿಯ ಮೇಲೆ ಗಂಟೆಗೆ 25 ಮಿಲಿಮೀಟರ್ ಮಳೆ ಬಿದ್ದರೆ 2,500 ಲೀಟರ್. ಮನೆಯೊಂದು ದಿನಕ್ಕೆ 600 ಲೀಟರ್ ಕೊಳಚೆ ಬಿಡುತ್ತದೆ ಎಂದಿಟ್ಟುಕೊಂಡರೆ, ಒಂದು ಮಳೆಕೊಳವೆ ಒಂದು ಗಂಟೆಯಲ್ಲಿ ನಾಲ್ಕು ದಿನದ ಕೊಳಚೆಯನ್ನು ಮೀರಿಸಿತು. ಎಂಟಿಂಚಿನ ಬೀದಿ ಕೊಳವೆ ಸಾವಿರಕ್ಕೆ ನಾಲ್ಕರ ಇಳಿಜಾರಿನಲ್ಲಿ ತುಂಬಿ ಹರಿದರೆ ಸೆಕೆಂಡಿಗೆ ಹೆಚ್ಚುಕಡಿಮೆ 20 ಲೀಟರ್ ಸಾಗಿಸುತ್ತದೆ. ಅದನ್ನು ತುಂಬಿಸಲು ಇಂಥ ಮೂವತ್ತು ಚಾವಣಿ ಸಾಕು. ಆಮೇಲೆ ಕೊಳಚೆಗೆ ಜಾಗವೇ ಇಲ್ಲ. ಮ್ಯಾನ್‌ಹೋಲ್ ಮುಚ್ಚಳದಲ್ಲಿ ಎತ್ತಲೆಂದು ಬಿಟ್ಟಿರುವ 25 ಮಿಲಿಮೀಟರಿನ ಒಂದೇ ತೂತಿನ ಮೇಲೆ ಐದು ಸೆಂಟಿಮೀಟರ್ ನೀರು ನಿಂತರೂ ಗಂಟೆಗೆ ಸಾವಿರ ಲೀಟರ್ ಒಳಗಿಳಿಯುತ್ತದೆ.

ಮೊದಲ ಮದ್ದು, ಮತ್ತು ಅದು ಮಾಡಿದ ಎಡವಟ್ಟು

1980ರ ದಶಕದ ಆರಂಭದಲ್ಲಿ ಏಳೂ ಸಂಸ್ಥೆಗಳು ಸೇರಿ ಒಳಸೋರಿಕೆಯ ಅಧ್ಯಯನ ಮಾಡಿಸಿದವು. 1986ರಲ್ಲಿ ಪ್ರಾದೇಶಿಕ ಜಲ ಗುಣಮಟ್ಟ ಮಂಡಳಿ ನಗರಗಳಿಗೆ ತಡೆಯಾಜ್ಞೆ ಕೊಟ್ಟಿತು: ಬೀದಿಯಲ್ಲಿ ಕೊಳಚೆ ಉಕ್ಕುವುದು ನಿಲ್ಲಬೇಕು. ದಶಕಗಳ ದುರಸ್ತಿ ಯೋಜನೆ ಶುರುವಾಯಿತು. ಹಳೆಯ ಬೀದಿ ಕೊಳವೆಗಳನ್ನು ಬದಲಿಸಿದರು. ಇಕ್ಕಟ್ಟಾದ ಕಡೆ ಪರ್ಯಾಯ ಕೊಳವೆ ಹಾಕಿ ನೀರು ಸರಾಗವಾಗಿ ಇಳಿದುಹೋಗುವಂತೆ ಮಾಡಿದರು. ಕೆಳಗೆ ಬಂದು ಬೀಳುವ ನೀರಿಗೆಂದು ಇಬಿಮಡ್ ದಂಡೆಯಲ್ಲಿ ಮಳೆಗಾಲದ ಘಟಕಗಳನ್ನು ಕಟ್ಟಿತು: ಓಕ್‌ಲೆಂಡ್‌ನಲ್ಲಿ ಓಕ್‌ಪೋರ್ಟ್ ಮತ್ತು ಸ್ಯಾನ್ ಆಂಟೋನಿಯೊ ಕ್ರೀಕ್, ರಿಚ್ಮಂಡ್‌ನಲ್ಲಿ ಪಾಯಿಂಟ್ ಇಸಬೆಲ್. ಐದು ವರ್ಷಕ್ಕೊಮ್ಮೆ ಬರುವಂಥ ಮಳೆ ಇವುಗಳ ಅಳತೆಗೋಲು. ದೊಡ್ಡ ಕೊಳವೆ ತುಂಬಿ ಬಂದಾಗ ಹೆಚ್ಚುವರಿ ನೀರು ಇಲ್ಲಿಗೆ ತಿರುಗುತ್ತಿತ್ತು. ಕಸ ಸೋಸಿ, ಕ್ಲೋರಿನ್ ಹಾಕಿ, ಉಳಿದ ಕ್ಲೋರಿನ್ ತೆಗೆದು, ಕೊಲ್ಲಿಗೆ ಬಿಡುತ್ತಿದ್ದರು.

ಪ್ರತಿಯೊಂದು ಸಂಸ್ಥೆಯೂ ತನ್ನ ಗಡಿಯೊಳಗೆ ನೋಡಿದಾಗ ಕೆಲಸ ಸರಿಯಾಗಿಯೇ ಇತ್ತು. ಬೆಟ್ಟದ ಮೇಲಿನ ಬೀದಿಗಳಲ್ಲಿ ಉಕ್ಕುವುದು ಕಡಿಮೆಯಾಯಿತು. ಆದರೆ ಪರ್ಯಾಯ ಕೊಳವೆ ನೀರನ್ನು ಕಡಿಮೆ ಮಾಡುವುದಿಲ್ಲ, ಅದರ ಪ್ರಯಾಣದ ಹೊತ್ತನ್ನು ಮಾತ್ರ ಕಡಿಮೆ ಮಾಡುತ್ತದೆ. ಹಿಂದೆ ಮೇಲಿನ ಕೊಳವೆಗಳಲ್ಲಿ, ಚೇಂಬರುಗಳಲ್ಲಿ, ಕೆಲವೊಮ್ಮೆ ಬೀದಿಯಲ್ಲೇ ತಂಗುತ್ತಿದ್ದ ನೀರು ಈಗ ಏಳೂ ಕಡೆಯಿಂದ ಒಂದೇ ಗಂಟೆಯಲ್ಲಿ ದಂಡೆಗೆ ಬಂದಿಳಿಯಿತು. ಉಕ್ಕುವ ಜಾಗ ಬದಲಾಯಿತು, ಅಷ್ಟೇ. ಹಂಚಿಕೊಂಡ ಒಳಚರಂಡಿಯಿರುವ ಯಾವ ಊರಲ್ಲೂ ಮೇಲಿನವರು ಕೊಳವೆ ದೊಡ್ಡದು ಮಾಡುತ್ತೇವೆ ಎಂದಾಗ ಕೆಳಗಿನವರು ಕೇಳಬೇಕಾದ ಮೊದಲ ಪ್ರಶ್ನೆ ಇದು: ಗರಿಷ್ಠ ಹರಿವು ಎಷ್ಟು ಬೇಗ, ಎಷ್ಟು ಎತ್ತರಕ್ಕೆ ಬರುತ್ತದೆ?

ಎರಡನೆಯ ಎಡವಟ್ಟು ಮಣ್ಣಿನೊಳಗೆ ನಡೆದದ್ದು. ಒಡೆದ ಬೀದಿ ಕೊಳವೆ ಒಂದು ಬಗೆಯ ಬಸಿಗಾಲುವೆ. ಸುತ್ತಲಿನ ಅಂತರ್ಜಲವನ್ನು ಎಳೆದುಕೊಂಡು ನೀರಿನ ಮಟ್ಟವನ್ನು ಕೆಳಗಿಟ್ಟಿರುತ್ತದೆ. ಅದನ್ನು ಬಿಗಿ ಮಾಡಿದ ಕೂಡಲೇ ನೀರಿನ ಮಟ್ಟ ಏರಿ, ಅದಕ್ಕಿಂತ ಮೇಲಿರುವ ಲ್ಯಾಟರಲ್‌ಗಳ ಬಿರುಕಿಗೆ ಎಟಕುತ್ತದೆ. ಬೀದಿ ಕೊಳವೆಯ ಸೋರಿಕೆ ನಿಂತಿತೆಂದು ಕ್ಯಾಮೆರಾ ಹೇಳುತ್ತದೆ, ಕೆಳಗಿನ ಹರಿವು ಮಾಪಕದಲ್ಲಿ ಅಂಕಿ ಇಳಿದಿರುವುದಿಲ್ಲ. ಹಳೆ ಕೊಳವೆಯೊಳಗೆ ರಾಳದ ತೋಳು ತೂರಿಸಿ ಗಟ್ಟಿಮಾಡುವ ಲೈನಿಂಗ್‌ನಲ್ಲಿ ಇನ್ನೊಂದು ಸೂಕ್ಷ್ಮವಿದೆ. ಲೈನಿಂಗ್ ಮುಗಿದ ಮೇಲೆ ಪ್ರತಿ ಲ್ಯಾಟರಲ್‌ನ ಬಾಯಿಯನ್ನು ಒಳಗಿನಿಂದ ಕೊರೆದು ತೆರೆಯುತ್ತಾರೆ. ಆ ಬಾಯಿಗೆ ಬೇರೆ ಮುದ್ರೆ ಕೂರಿಸದಿದ್ದರೆ, ಹಳೆ ಕೊಳವೆಗೂ ಹೊಸ ತೋಳಿಗೂ ನಡುವಿನ ಸಂದಿನಲ್ಲಿ ಹರಿದು ಬಂದ ನೀರೆಲ್ಲ ಅಲ್ಲೇ ಒಳಗಿಳಿಯುತ್ತದೆ. ಇಡೀ ಬೀದಿಗೆ ಹಣ ಸುರಿದು ಕೊನೆಗೆ ಅಂಗೈಯಗಲದ ಜಾಗದಲ್ಲಿ ಸೋಲುವುದು ಹೀಗೆ.

ಕೋರ್ಟಿನ ಕಟ್ಟೆ

2007ರಲ್ಲಿ ರಾಜ್ಯ ಜಲ ಮಂಡಳಿ ಮಳೆಗಾಲದ ಘಟಕಗಳ ಪರವಾನಗಿಯನ್ನು ಮರುಪರಿಶೀಲನೆಗೆ ಹಿಂದಕ್ಕೆ ಕಳಿಸಿತು. ದ್ವಿತೀಯ ಹಂತದ ಶುದ್ಧೀಕರಣವಿಲ್ಲದೆ ಕೊಳಚೆಯನ್ನು ಕೊಲ್ಲಿಗೆ ಬಿಡುವಂತಿಲ್ಲ ಎಂಬುದು ಫೆಡರಲ್ ಶುದ್ಧ ಜಲ ಕಾಯ್ದೆಯ ನಿಲುವು; ಸೋಸಿ ಕ್ಲೋರಿನ್ ಹಾಕಿದ ಮಾತ್ರಕ್ಕೆ ಆಗದು. 2009ರ ಹೊಸ ಪರವಾನಗಿ ಆ ಮೂರೂ ಘಟಕಗಳಿಂದ ಹೊರಬಿಡುವುದನ್ನೇ ನಿಷೇಧಿಸಿತು. ಅಲ್ಲಿಗೆ ಇಬಿಮಡ್ ಇಕ್ಕಟ್ಟಿಗೆ ಸಿಕ್ಕಿತು: ಉಕ್ಕುವುದು ತನ್ನ ಘಟಕದಲ್ಲಿ, ನೀರು ಬರುವುದು ತನ್ನದಲ್ಲದ ಕೊಳವೆಗಳಿಂದ.

ಫೆಡರಲ್ ಪರಿಸರ ಸಂಸ್ಥೆ ಇಪಿಎ ಮೊದಲು ಇಬಿಮಡ್ ಮೇಲೆ, ನಂತರ ಏಳೂ ಸಂಸ್ಥೆಗಳ ಮೇಲೆ ದಾವೆ ಹೂಡಿತು. ಸ್ಯಾನ್ ಫ್ರಾನ್ಸಿಸ್ಕೊ ಬೇಕೀಪರ್ ಮುಂತಾದ ನಾಗರಿಕ ಸಂಘಟನೆಗಳೂ ಸೇರಿಕೊಂಡವು. 2014ರ ಸೆಪ್ಟೆಂಬರ್‌ನಲ್ಲಿ ಎಲ್ಲರನ್ನೂ ಕಟ್ಟಿಹಾಕಿದ ಒಪ್ಪಂದದ ತೀರ್ಪು, ಅಂದರೆ ಎರಡೂ ಕಡೆಯವರು ಒಪ್ಪಿ ಕೋರ್ಟು ಮುದ್ರೆ ಒತ್ತಿದ ತೀರ್ಪು, ಜಾರಿಗೆ ಬಂತು. ದಂಡ ಎಲ್ಲರದ್ದೂ ಸೇರಿ ಸುಮಾರು 15 ಲಕ್ಷ ಡಾಲರ್. ಮಾಡಬೇಕಾದ ಕೆಲಸದ ಅಂದಾಜು 150 ಕೋಟಿ ಡಾಲರ್. ದಂಡ ಹೆಸರಿಗೆ ಮಾತ್ರ ಎಂಬುದು ಇದರಲ್ಲೇ ತಿಳಿಯುತ್ತದೆ.

ತೀರ್ಪಿನ ಕಟ್ಟಡವನ್ನು ಗಮನವಿಟ್ಟು ನೋಡಬೇಕು. ‘ಎಲ್ಲರೂ ಸೇರಿ ಸೋರಿಕೆ ಇಳಿಸಿ’ ಎಂದು ಬರೆದಿದ್ದರೆ ಯಾರೂ ಇಳಿಸುತ್ತಿರಲಿಲ್ಲ. ಪ್ರತಿ ಸಂಸ್ಥೆಗೂ ಅದರದೇ ಕೈಯಲ್ಲಿರುವ, ಅಳೆಯಬಹುದಾದ ಕೆಲಸ ಗೊತ್ತುಮಾಡಿದರು. ಓಕ್‌ಲೆಂಡ್ ವರ್ಷಕ್ಕೆ 13 ಮೈಲಿ ಬೀದಿ ಕೊಳವೆ ಬದಲಿಸಬೇಕು ಅಥವಾ ದುರಸ್ತಿ ಮಾಡಬೇಕು. ಉಳಿದವರಿಗೆ ಅವರವರ ಜಾಲದ ಗಾತ್ರಕ್ಕೆ ತಕ್ಕ ಉದ್ದ. ಇದರ ಜೊತೆಗೆ ಕ್ಯಾಮೆರಾ ತಪಾಸಣೆ, ಬೇರು ಕತ್ತರಿಸುವುದು, ಕೊಳವೆ ತೊಳೆಯುವುದು. ಇಬಿಮಡ್‌ಗೆ ಒಪ್ಪಿಸಿದ್ದು ಪತ್ತೇದಾರಿ ಕೆಲಸ: ಇಡೀ ಪ್ರದೇಶದಲ್ಲಿ ಹರಿವು ಅಳೆದು, ಹೊಗೆ ಬಿಟ್ಟು, ಬಣ್ಣ ಸುರಿದು, ನೀರು ನುಗ್ಗುವ ಜಾಗ ಹುಡುಕಿ ಆಯಾ ಊರಿಗೆ ತಿಳಿಸಬೇಕು, ಊರಿನವರು ಅದನ್ನು ಗಡುವಿನೊಳಗೆ ಮುಚ್ಚಬೇಕು. ಕೊನೆಯ ಪರೀಕ್ಷೆ ಮಾತ್ರ ಸಾಮೂಹಿಕ. 2036ರ ಹೊತ್ತಿಗೆ ಮೂರೂ ಮಳೆಗಾಲದ ಘಟಕಗಳಿಂದ ಕೊಲ್ಲಿಗೆ ನೀರು ಬಿಡುವುದು ಕೊನೆಗೊಳ್ಳಬೇಕು, ಗೊತ್ತುಪಡಿಸಿದ ಒಂದು ಮಾನದಂಡದ ಮಳೆ ಬಂದರೂ. ದಾರಿಯಲ್ಲಿ 2022 ಮತ್ತು 2030ರಲ್ಲಿ ನಡುಗಾಲದ ತಪಾಸಣೆ.

ಗಡಿಯಲ್ಲೊಂದು ಮಾಪಕ

ಪೀಡ್‌ಮಂಟ್ ಸುತ್ತ ನಾಲ್ಕೂ ಕಡೆ ಓಕ್‌ಲೆಂಡ್ ಇದೆ. ಅದರ ಕೊಳಚೆ ಓಕ್‌ಲೆಂಡ್‌ನ ಕೊಳವೆ ಹೊಕ್ಕು ದಂಡೆಗೆ ಬರಬೇಕು. ಇಂಥ ಕಡೆ ಯಾರ ನೀರು ಎಷ್ಟು ಎಂದು ಹೇಳಲು ಗಡಿಯ ಮ್ಯಾನ್‌ಹೋಲಿನಲ್ಲಿ ಹರಿವು ಮಾಪಕ ಬೇಕೇ ಬೇಕು. ಆದರೆ ಮಾಪಕದ ಅಂಕಿಯನ್ನು ಹಾಗೆಯೇ ನಂಬಿ ಜಗಳಕ್ಕಿಳಿದರೆ ಕೆಟ್ಟಿತು. ಒಳಚರಂಡಿಯ ಮಾಪಕ ಸಾಮಾನ್ಯವಾಗಿ ಎರಡನ್ನು ಓದುತ್ತದೆ, ನೀರಿನ ಆಳ ಮತ್ತು ವೇಗ. ಆಳದಿಂದ ನೀರಿನ ಅಡ್ಡಕೊಯ್ತದ ವಿಸ್ತೀರ್ಣ ಲೆಕ್ಕಹಾಕಿ, ಅದನ್ನು ವೇಗದಿಂದ ಗುಣಿಸಿ ಹರಿವು ಹೇಳುತ್ತದೆ. ತಳದ ಸಂವೇದಕಕ್ಕೆ ಬಟ್ಟೆ ಚೂರು ಸುತ್ತಿಕೊಂಡರೆ ವೇಗ ಸೊನ್ನೆಯತ್ತ ಜಾರುತ್ತದೆ. ಹೂಳು ಕೂತರೆ ಆಳ ತಪ್ಪುತ್ತದೆ. ಎಲ್ಲಕ್ಕಿಂತ ಮೋಸದ್ದು ಹಿನ್ನೀರು: ಕೆಳಗಿನ ಕೊಳವೆ ತುಂಬಿ ನೀರು ಹಿಂದಕ್ಕೆ ಒತ್ತಿದಾಗ ಆಳ ಏರುತ್ತದೆ, ವೇಗ ಇಳಿಯುತ್ತದೆ. ಆಳ ಮಾತ್ರ ನೋಡಿದವರು ಮೇಲಿನ ಊರಿನಿಂದ ಪ್ರವಾಹ ಬಂತೆನ್ನುತ್ತಾರೆ, ತೊಂದರೆ ಇರುವುದು ಕೆಳಗೆ.

ಇದಕ್ಕೆ ಸರಳ ಉಪಾಯ, ಪ್ರತಿ ಓದನ್ನೂ ಆಳ ಒಂದು ಅಕ್ಷದಲ್ಲಿ, ವೇಗ ಇನ್ನೊಂದರಲ್ಲಿ ಇಟ್ಟು ಚುಕ್ಕೆ ಹಾಕುವುದು. ಆರೋಗ್ಯವಂತ ಕೊಳವೆಯ ಚುಕ್ಕೆಗಳು ಒಂದೇ ಬಾಗಿದ ಗೆರೆಯ ಮೇಲೆ ಸಾಲಾಗಿ ಕೂರುತ್ತವೆ. ಆಳ ಹೆಚ್ಚುತ್ತಾ ಚುಕ್ಕೆಗಳು ಕೆಳಕ್ಕೆ ಬಾಗಿದರೆ ಹಿನ್ನೀರು. ಗೆರೆ ಬಿಟ್ಟು ಸೊನ್ನೆ ವೇಗದಲ್ಲಿ ಸಾಲುಗಟ್ಟಿದರೆ ಸಂವೇದಕ ತೊಳೆಯಬೇಕು. ಮಳೆಮಾಪಕವೂ ಹತ್ತಿರದಲ್ಲೇ ಇರಬೇಕು. ಬೆಟ್ಟದ ನೆತ್ತಿಗೂ ದಂಡೆಗೂ ಒಂದೇ ಬಿರುಮಳೆಯಲ್ಲಿ ಬೀಳುವ ನೀರು ಬೇರೆ. ವಿಮಾನ ನಿಲ್ದಾಣದ ಅಂಕಿ ತಂದು ಬೆಟ್ಟದ ಬಡಾವಣೆಯ ಸೋರಿಕೆ ಲೆಕ್ಕ ಹಾಕಿದರೆ ಅದು ಲೆಕ್ಕವಲ್ಲ.

ಹೊಗೆ ಪರೀಕ್ಷೆಯನ್ನು ಮಣ್ಣು ಒಣಗಿದ ಕಾಲದಲ್ಲೇ ಮಾಡಬೇಕು; ನೆನೆದ ಮಣ್ಣು ಬಿರುಕಿನಿಂದ ಹೊಗೆ ಮೇಲೇಳಲು ಬಿಡದು. ಪರೀಕ್ಷಿಸುವ ತುಂಡಿನ ಎರಡೂ ತುದಿಗೆ ಮರಳು ಚೀಲ ಇಟ್ಟು, ನಡುವಿನ ಮ್ಯಾನ್‌ಹೋಲ್ ಮೇಲೆ ಬ್ಲೋವರ್ ಕೂರಿಸಿ ಹೊಗೆ ಊದುತ್ತಾರೆ. ಚಾವಣಿಯ ಮಳೆಕೊಳವೆಯಿಂದ ಹೊಗೆ ಬಂದರೆ ಸಾಕ್ಷಿ ಎದುರಿಗೇ ಇದೆ. ಮನೆಯವರಿಗೆ ಮೊದಲೇ ತಿಳಿಸಿ, ಬಳಸದ ಬಚ್ಚಲಿನ ಟ್ರ್ಯಾಪ್‌ಗೆ (ನೀರು ನಿಂತು ಗಾಳಿ ತಡೆಯುವ ಬಾಗಿದ ಕೊಳವೆ) ಒಂದು ಚೊಂಬು ನೀರು ಹಾಕಿಸಬೇಕು. ಇಲ್ಲದಿದ್ದರೆ ಹೊಗೆ ಮನೆಯೊಳಗೆ, ಅಗ್ನಿಶಾಮಕದವರು ಬಾಗಿಲಲ್ಲಿ.

ಮನೆ ಮಾರುವಾಗ ಕೊಳವೆ ಪರೀಕ್ಷೆ

ಖಾಸಗಿ ಕೊಳವೆಯನ್ನು ಮುಟ್ಟಲು ಇಬಿಮಡ್ ಆಯ್ದುಕೊಂಡ ದಾರಿ 2011ರಲ್ಲಿ ಜಾರಿಗೆ ಬಂದ ಲ್ಯಾಟರಲ್ ಕಾನೂನು. ಆಲ್ಬನಿಗೆ ತನ್ನದೇ ಬೇರೆ ಕಾನೂನಿದೆ. ಉಳಿದ ಊರುಗಳು ಒಂದೊಂದಾಗಿ ಇದರಡಿ ಬಂದವು. ಮೂರು ಸಂದರ್ಭಗಳಲ್ಲಿ ಮನೆಯವರು ತಮ್ಮ ಲ್ಯಾಟರಲ್ ಸೋರುವುದಿಲ್ಲ ಎಂಬ ಪ್ರಮಾಣಪತ್ರ ತರಬೇಕು: ಮನೆ ಮಾರುವಾಗ, ಒಂದು ಲಕ್ಷ ಡಾಲರ್ ಮೀರಿದ ಕಟ್ಟಡ ಕೆಲಸ ಮಾಡಿಸುವಾಗ, ನೀರಿನ ಮೀಟರಿನ ಗಾತ್ರ ಬದಲಿಸುವಾಗ. ಮೂರೂ ಸಂದರ್ಭಗಳನ್ನು ಆಯ್ದದ್ದು ಜಾಣತನದಿಂದ. ಹಣ ಕೈಬದಲಾಗುವ ಹೊತ್ತದು, ದಾಖಲೆ ಹೇಗೂ ಕಚೇರಿಗೆ ಬರುತ್ತದೆ, ಮನೆ ಬಾಗಿಲಿಗೆ ಹೋಗಿ ನೋಟಿಸು ಅಂಟಿಸುವ ಪ್ರಮೇಯವಿಲ್ಲ.

ಕೆಲಸದ ಕ್ರಮ ಹೀಗಿದೆ. ಮೊದಲು ಕ್ಯಾಮೆರಾ ಇಳಿಸಿ ಕೊಳವೆ ನೋಡುತ್ತಾರೆ. ಹಳೆಯ ಜೇಡಿಮಣ್ಣಿನ ಕೊಳವೆ ಪರೀಕ್ಷೆಯಲ್ಲಿ ಪಾಸಾಗುವುದು ಅಪರೂಪ. ಬಹುಮಂದಿ ನೇರ ಬದಲಾವಣೆಗೇ ಹೋಗುತ್ತಾರೆ. ಅಂಗಳವನ್ನು ಉದ್ದಕ್ಕೂ ಅಗೆಯಬೇಕಿಲ್ಲ. ಎರಡು ತುದಿಯಲ್ಲಿ ಗುಂಡಿ ತೋಡಿ, ಹಳೆ ಕೊಳವೆಯೊಳಗೆ ಉಕ್ಕಿನ ಹಗ್ಗ ತೂರಿಸಿ, ಅದರ ತುದಿಗೆ ಶಂಕುವಿನಾಕಾರದ ತಲೆ, ತಲೆಯ ಹಿಂದೆ ಎಚ್‌ಡಿಪಿಇ ಎಂಬ ಗಟ್ಟಿ ಪ್ಲಾಸ್ಟಿಕ್ಕಿನ ಹೊಸ ಕೊಳವೆ ಕಟ್ಟಿ ಯಂತ್ರದಿಂದ ಎಳೆಯುತ್ತಾರೆ. ತಲೆ ಹಳೆಯದನ್ನು ಒಡೆದು ಮಣ್ಣಿಗೆ ಒತ್ತುತ್ತಾ ಬರುತ್ತದೆ, ಹೊಸದು ಅದೇ ಜಾಗದಲ್ಲಿ ಕೂರುತ್ತದೆ. ಎಚ್‌ಡಿಪಿಇ ತುಂಡುಗಳನ್ನು ಕಾಯಿಸಿ ಬೆಸೆದಿರುವುದರಿಂದ ನಡುವೆ ಬೇರು ಹೊಗುವ ಸಂದು ಇರುವುದಿಲ್ಲ.

ಆಮೇಲೆ ಇನ್‌ಸ್ಪೆಕ್ಟರ್ ಎದುರಿನಲ್ಲಿ ಪರೀಕ್ಷೆ. ಕೆಳತುದಿಗೆ ಗಾಳಿ ತುಂಬುವ ಬಿರಡೆ ಇಟ್ಟು ಕೊಳವೆಗೆ ನೀರು ತುಂಬಿ ಮಟ್ಟ ಇಳಿಯುವುದೇ ನೋಡುತ್ತಾರೆ, ಇಲ್ಲವೇ ಗಾಳಿಯ ಒತ್ತಡ ಹಾಕಿ ಮುಳ್ಳು ನೋಡುತ್ತಾರೆ. ಹೊಸ ಕೊಳವೆಯೂ ಫೇಲಾಗುವುದುಂಟು, ಬಹುತೇಕ ಮೂರು ಜಾಗಗಳಲ್ಲಿ: ಹೊಸ ಪ್ಲಾಸ್ಟಿಕ್ಕಿಗೂ ಹಳೆ ಜೇಡಿಮಣ್ಣಿಗೂ ನಡುವಿನ ರಬ್ಬರ್ ಕಪ್ಲಿಂಗ್, ಕ್ಲೀನ್‌ಔಟ್‌ನ (ಕೊಳವೆ ಶುಚಿಮಾಡಲು ನೆಲದ ಮಟ್ಟಕ್ಕೆ ಬಿಟ್ಟ ಬಾಯಿ) ಬುಡ, ಮತ್ತು ಮನೆಯ ಎರಕದ ಕಬ್ಬಿಣದ ಕೊಳವೆ ಸೇರುವ ಕಡೆ. ಬಿರಡೆಯೇ ಸರಿಯಾಗಿ ಕೂರದೆ ಒಳ್ಳೆಯ ಕೊಳವೆ ಫೇಲಾದ ಹಾಗೆ ಕಾಣುವುದೂ ಇದೆ. ಬಿಗಿಯಾದ ಕೊಳವೆಗೂ ಮಳೆಕೊಳವೆ ಜೋಡಿಸಿರಬಹುದು. ಸೋರಿಕೆ ಪರೀಕ್ಷೆ ಅದನ್ನು ಹಿಡಿಯದು. ಹಾಗಾಗಿ ಚಾವಣಿ, ಅಂಗಳದ ನೀರಿನ ಸಂಪರ್ಕ ಇರಬಾರದು ಎಂಬುದೂ ನಿಯಮದಲ್ಲೇ ಸೇರಿದೆ.

ಪೂರ್ತಿ ಬದಲಿಸಿದ ಕೊಳವೆಗೆ ಪ್ರಮಾಣಪತ್ರದ ಆಯುಸ್ಸು 20 ವರ್ಷ. ದುರಸ್ತಿ ಮಾಡಿ ಅಥವಾ ಇದ್ದ ಹಾಗೆಯೇ ಪಾಸಾದದ್ದಕ್ಕೆ 7 ವರ್ಷ. ಮಾರಾಟದ ದಿನಕ್ಕೆ ಕೆಲಸ ಮುಗಿಯದಿದ್ದರೆ 4,500 ಡಾಲರ್ ಠೇವಣಿ ಇಟ್ಟು 180 ದಿನದ ಕಾಲಾವಕಾಶ ಪಡೆಯಬಹುದು. ಖರೀದಿ ನಿಲ್ಲುವುದಿಲ್ಲ, ಕೊಂಡವರು ಬೇಕಾದರೆ ಮಾಡಿಸಿಕೊಳ್ಳಲಿ ಎಂಬ ಈ ಸಡಿಲ ಇಲ್ಲದಿದ್ದರೆ ಮನೆ ದಲ್ಲಾಳಿಗಳೇ ಕಾನೂನನ್ನು ಮುಳುಗಿಸುತ್ತಿದ್ದರು ಎಂದು ನಮ್ಮ ಊಹೆ. ಒಟ್ಟು ಸಾವಿರ ಅಡಿಗಿಂತ ಉದ್ದದ ಖಾಸಗಿ ಕೊಳವೆಯಿರುವ ದೊಡ್ಡ ಸ್ವತ್ತುಗಳು ಮಾರಾಟಕ್ಕೆ ಬರುವುದೇ ಕಡಿಮೆ. ಅವಕ್ಕೆ ಸ್ಥಿತಿ ಪರಿಶೀಲಿಸಿ ಯೋಜನೆ ಸಲ್ಲಿಸುವ ಬೇರೆ ನಿಯಮ.

ಶುಲ್ಕದಲ್ಲೂ ಇದೇ ತರ್ಕ. ಮಳೆಗಾಲದ ವ್ಯವಸ್ಥೆಯ ಶುಲ್ಕವನ್ನು ಇಬಿಮಡ್ ಆಸ್ತಿ ತೆರಿಗೆಯ ಬಿಲ್ಲಿನಲ್ಲಿ ವಸೂಲು ಮಾಡುತ್ತದೆ, ನಿವೇಶನದ ವಿಸ್ತೀರ್ಣ ನೋಡಿ: 5,000 ಚದರಡಿವರೆಗೆ ಒಂದು ದರ, 10,000ವರೆಗೆ ಇನ್ನೊಂದು, ಅದಕ್ಕೂ ಮೇಲಿನದಕ್ಕೆ ಮತ್ತೊಂದು. ನಲ್ಲಿ ನೀರಿನ ಬಳಕೆಗೂ ಇದಕ್ಕೂ ಸಂಬಂಧವಿಲ್ಲ. ದೊಡ್ಡ ನಿವೇಶನವೆಂದರೆ ಉದ್ದದ ಲ್ಯಾಟರಲ್, ಅದರ ಮುಂದೆ ಉದ್ದದ ಬೀದಿ ಕೊಳವೆ, ಹೆಚ್ಚು ಸೋರಿಕೆ. ನೀರು ಮಿತವಾಗಿ ಬಳಸುವವರು ಮಳೆಯನ್ನು ಮಿತಗೊಳಿಸಲಾರರು.

ಬಗೆಹರಿಯದೆ ಉಳಿದದ್ದು

2022ರ ಡಿಸೆಂಬರ್ 31ರಂದು ಓಕ್‌ಲೆಂಡ್ ನಗರದಲ್ಲಿ ಒಂದೇ ದಿನ 4.75 ಇಂಚು, ಸುಮಾರು 120 ಮಿಲಿಮೀಟರ್ ಮಳೆ ಸುರಿಯಿತು. ಅಲ್ಲಿನ ದಾಖಲೆಯಲ್ಲಿ ಅದೇ ಅತಿ ಹೆಚ್ಚು. ಇಂಥ ದಿನ ಕೊಳಚೆ ಉಕ್ಕಿತೆಂದು ಕಾರ್ಯಕ್ರಮವನ್ನು ಸೋತದ್ದೆಂದು ತೀರ್ಮಾನಿಸಲಾಗದು, ಉಕ್ಕದ ಸಾಧಾರಣ ವರ್ಷ ನೋಡಿ ಗೆದ್ದಿತೆಂದೂ ಹೇಳಲಾಗದು. ಹಾಗಾಗಿಯೇ ತೀರ್ಪು ಉಕ್ಕಿದ ದಿನಗಳನ್ನು ಎಣಿಸಿ ಸುಮ್ಮನಾಗುವುದಿಲ್ಲ. ಆಯಾ ವರ್ಷಗಳ ಮಾಪಕದ ಅಂಕಿಗಳಿಂದ ಗಣಿತ ಮಾದರಿಯನ್ನು ಹೊಂದಿಸಿ, ಅದೇ ಮಾನದಂಡದ ಮಳೆಯನ್ನು ಅದರ ಮೇಲೆ ಸುರಿಸಿ ನೋಡುತ್ತದೆ. ಬರಗಾಲದ ವರ್ಷಗಳ ಅಂಕಿಯಿಂದ ಹೊಂದಿಸಿದ ಮಾದರಿ ಆಶಾವಾದಿಯಾಗಿರುತ್ತದೆ, ಯಾಕೆಂದರೆ ಒಣಮಣ್ಣು ಮೊದಲ ಮಳೆಗಳನ್ನು ಹೀರಿಕೊಳ್ಳುತ್ತದೆ. ನೆಲ ನೆನೆದ ಮೇಲೆ ಬಿದ್ದ ಮಳೆಗಳು ಅಂಕಿಗಳಲ್ಲಿ ಸಾಕಷ್ಟು ಇರಲೇಬೇಕು.

ಇನ್ನೊಂದು ಮಿತಿ ಮಾರಾಟಕ್ಕೆ ಕೊಂಡಿ ಹಾಕಿದ್ದರಲ್ಲೇ ಇದೆ. ವರ್ಷಕ್ಕೆ ನೂರಕ್ಕೆ ಮೂರು ಮನೆ ಕೈಬದಲಾಗುತ್ತವೆ ಎಂದು ಹಿಡಿಯಿರಿ. ತೀರ್ಪಿನಿಂದ 2036ರವರೆಗಿನ ಇಪ್ಪತ್ತೆರಡು ವರ್ಷಕ್ಕೆ ಅರವತ್ತಾರು ಮನೆ ಎಂದು ಕೂಡಿಸುವುದು ತಪ್ಪು, ಯಾಕೆಂದರೆ ಮಾರಾಟವಾದದ್ದೇ ಮತ್ತೆ ಮಾರಾಟವಾಗುತ್ತದೆ. ಸರಿಯಾಗಿ ಲೆಕ್ಕ ಹಾಕಿದರೆ ನಲವತ್ತೊಂಬತ್ತಕ್ಕೆ ನಿಲ್ಲುತ್ತದೆ. ಉಳಿದ ಐವತ್ತೊಂದು ಅಂಗಳಗಳಡಿ ಹಳೆಯ ಜೇಡಿಮಣ್ಣಿನ ಕೊಳವೆ ಹಾಗೆಯೇ ಇರುತ್ತದೆ. ಮನೆ ಮಾರದೆ ತಲೆಮಾರುಗಟ್ಟಲೆ ಉಳಿದ ಹಳೆಯ ಬಡಾವಣೆಗಳಲ್ಲಿ ಈ ಅಂಕಿ ಇನ್ನೂ ಹೆಚ್ಚು, ಮತ್ತು ಅಂಥ ಬಡಾವಣೆಯ ಕೊಳವೆಗಳೇ ಎಲ್ಲಕ್ಕಿಂತ ಹಳೆಯವು.